ಮಳಿ ಲೆಕ್ಕ ಬರೋಬ್ಬರಿ, ಬೆಳಿ ಯಾಕ ಒಣಗ್ತು?

ಗೂಗಲ್‌ನಾಗ ‘ಮುಧೋಳ’ ಅಂತ ಹೊಡೀರಿ, ಮೊದಲು ನಾಯಿ ಬರ್ತದ. ಅದು ಬಾಗಲಕೋಟಿ ಕಡಿ ಮುಧೋಳ, ಘಟಪ್ರಭಾ ದಂಡಿದು. ನಮ್ದು ಸೇಡಂ ತಾಲೂಕಿನ ಮುಧೋಳ, ತೆಲಂಗಾಣ ಗಡಿಗಿ ಹತ್ತರ ಇರೋದು. ಇದು ಬರೀ ನಗೋ ಮಾತಲ್ರಿ. ಫೋನಿನಾಗ ಆ ಮುಧೋಳ ಒತ್ತಿ, ‘ನಾಳಿ ಮಳಿ ಅದ’ ಅಂತ ನೋಡಿ, ಇಲ್ಲಿ ತೊಗರಿಗಿ ಎಣ್ಣಿ ಹೊಡಿಯೋದು ಮುಂದ ಹಾಕಿದ್ರ ನಷ್ಟ ಯಾರ್ದು?

ಎಲ್ ನಿನೋ ಅಂದ್ರ ಏನು, ಮುಂಗಾರು ಹ್ಯಾಂಗ ಬರ್ತದ, ಅವೆಲ್ಲ ನಾ ಹೇಳಂಗಿಲ್ಲ. ಅದರ ಮ್ಯಾಲ ವಿಡಿಯೋ ಬೇಕಾದಷ್ಟು ಅವ. ನನ್ನ ತಲ್ಯಾಗ ಕುಂತಿರೋ ಪ್ರಶ್ನೆ ಬ್ಯಾರೆ. ‘ವಾಡಿಕೆ ಮಳಿ ಆಗ್ಯದ’ ಅಂತ ಪೇಪರ್‌ನಾಗ ಬರ್ತದ, ಹೊಲಕ್ಕ ಹೋದ್ರ ಹೆಸರು, ಉದ್ದು ಒಣಗಿ ನಿಂತಿರ್ತಾವ. ಎರಡೂ ಖರೇ. ಹ್ಯಾಂಗ?

ಮೊದಲು ಮಳಿ ಅಳಿಯೋ ಡಬ್ಬಿ, ಅಂದ್ರ ಮಳೆಮಾಪಕ ನೋಡೋಣ. ನಮ್ಮ ರಾಜ್ಯದಾಗ 1988ರಾಗ ಬರ ನಿಗಾ ಘಟಕ ಅಂತ ಶುರು ಆಯ್ತು. ದೇಶದಾಗ ಆ ಥರದ್ದು ಮೊದಲ್ನೇದು. ಈಗ ಅದಕ್ಕ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಂತಾರ, ಇರೋದು ಬೆಂಗಳೂರಿನ ಯಲಹಂಕದಾಗ. ರಾಜ್ಯದ ತುಂಬ 6,500ಕ್ಕೂ ಹೆಚ್ಚು ಮಳೆಮಾಪಕ, ಅಂದ್ರ ಹೆಚ್ಚೂ ಕಡಿಮಿ ಪಂಚಾಯ್ತಿಗೊಂದು. 15 ನಿಮಿಷಕ್ಕೊಮ್ಮೆ ಲೆಕ್ಕ ಅಲ್ಲಿಗಿ ತಾನೇ ಹೋಗ್ತದ. ಇಷ್ಟು ದಟ್ಟಾಗಿ ಮಳಿ ಅಳಿಯೋ ಜಾಲ ನಮ್ ದೇಶದಾಗ ಅಪರೂಪ. ಇದಕ್ಕ ನಾವು ಹೆಮ್ಮೆ ಪಡಬೇಕು, ಪಡಂಗಿಲ್ಲ.

ಡಬ್ಬಿ ಒಳಗ ಏನದ ಅಂತ ಕೇಳ್ರಿ. ಮ್ಯಾಲ ಲಾಳಿಕಿ. ಕೆಳಗ ತಕ್ಕಡಿ ಥರ ಎರಡು ಪುಟ್ಟ ಬಟ್ಟಲು. ಒಂದು ತುಂಬಿದ ಕೂಡ್ಲೇ ಭಾರಕ್ಕ ಬಾಗಿ ನೀರು ಚೆಲ್ತದ, ಇನ್ನೊಂದು ಲಾಳಿಕಿ ಕೆಳಗ ಬಂದು ನಿಲ್ತದ. ಹಂಗ ಬಾಗೋ ಹೊತ್ನಾಗ ಒಂದು ಅಯಸ್ಕಾಂತ ಸ್ವಿಚ್ಚಿನ ಮುಂದ ಹಾದು ಹೋಗ್ತದ, ಒಂದು ಎಣಿಕಿ ಆಯ್ತು. ಯಂತ್ರ ಹ್ಯಾಂಗದೋ ಹಂಗ, ಒಂದು ಎಣಿಕಿ ಅಂದ್ರ 0.2 ಇಲ್ಲಾ 0.5 ಮಿಲಿಮೀಟರ್. ಮಳಿ ಅಂಬೋದು ಇಷ್ಟೇ, ಟಕ್, ಟಕ್, ಟಕ್.

ಈ ಟಕ್ ಟಕ್‌ಗಿ ರೋಗಾನೂ ಅವ. ಬೇವಿನ ಎಲಿ ಲಾಳಿಕಿ ಬಾಯಾಗ ಕುಂತ್ರ ಮುಗೀತು. ಜೇಡ ಬಲಿ ಕಟ್ಟಿದ್ರೂ ಅಷ್ಟೇ. ವಾಡಿ, ಶಹಾಬಾದ್ ಕಡಿ ಕಲ್ಲಿನ ಧೂಳಿದ್ದಲ್ಲಿ ಬಟ್ಟಲು ಮತ್ತ ಮತ್ತ ತೊಳೀಬೇಕಾಗ್ತದ. ಭಾರಿ ಮಳಿ ಬಂದಾಗ ಇನ್ನೊಂದು ತ್ರಾಸು: ಬಟ್ಟಲು ಬಾಗೋದ್ರಾಗ ನೀರು ಹೊರಗ ಚೆಲ್ತದ, ಲೆಕ್ಕ ಸ್ವಲ್ಪ ಕಮ್ಮಿ ಬೀಳ್ತದ. 13 ಅಕ್ಟೋಬರ್ 2020ಕ್ಕ ಒಂದು ವಾಯುಭಾರ ಕುಸಿತ ಕಾಕಿನಾಡ ಹತ್ತರ ದಂಡಿಗಿ ಬಂದು, ತೆಲಂಗಾಣ ದಾಟಿ, ನಮ್ ಕಡಿ ನುಗ್ಗಿ ಕಾಗಿಣಾ ಹೊಳಿ ಉಕ್ಕಿಸ್ತಲ್ಲ, ಅಂಥಾ ಮಳ್ಯಾಗ ಡಬ್ಬಿ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತೀನೇ ಬಿದ್ದಿರ್ತದ ಅಂತ ತಿಳ್ಕೋರಿ.

ಈಗ ನನ್ನ ಜಗಳಕ್ಕ ಬರ್ತೀನಿ. ‘ಅಣ್ಣ, ಈ ಡಬ್ಬಿ ಯಾಕ ಬೇಕು, ಫೋನಿನಾಗ ಎಲ್ಲಾ ತೋರಸ್ತದಲ್ಲ, ಡಬ್ಬಿ ಸುಳ್ಳು ಹೇಳ್ತದ’ ಅಂತ ವಾಟ್ಸಾಪ್‌ನಾಗ ಒಂದು ಮಾತು ಭಾಳ ಓಡಾಡ್ತದ. ಒಪ್ಪಂಗಿಲ್ರಿ. ಫೋನಿನಾಗ ನೀವು ನೋಡೋದು ಬಹಳ ಸರ್ತಿ ಅಳತೀನೇ ಅಲ್ಲ, ಕಂಪ್ಯೂಟರ್ ಹಾಕಿದ ಅಂದಾಜು. ಅದು ಭೂಮಿನ ಚೌಕ ಚೌಕ ಮಾಡಿ ನೋಡ್ತದ, ಒಂದೊಂದು ಚೌಕ ಹತ್ತಿಪ್ಪತ್ತು ಕಿಲೋಮೀಟರ್ ಅಗಲ. ಆ ಚೌಕದಾಗ ನಿಮ್ಮ ಹೊಲಾನೂ ಬರ್ತದ, ಪಕ್ಕದ ನಾಕು ಊರೂ ಬರ್ತಾವ. ಮುಂಗಾರಿ ಮಳಿ ಹೊಲದ ಒಂದು ಬದುವಿನ ತನ ಬಂದು ನಿಲ್ತದ ಅಂಬೋದು ಒಕ್ಕಲಿಗಗ ಹೇಳಿ ಕೊಡಬೇಕಾ? ಉಪಗ್ರಹದ ಕಥಿನೂ ಇದೇ. ಅದು ಹೆಚ್ಚಾಗಿ ಮೋಡದ ನೆತ್ತಿ ನೋಡ್ತದ, ನೆಲಕ್ಕ ಬಿದ್ದ ಹನಿ ಅಲ್ಲ. ಅದು ಸರಿನೋ ತಪ್ಪೋ ಅಂತ ತಾಳೆ ನೋಡ್ಲಾಕೂ ಕಡಿಗಿ ಇದೇ ಡಬ್ಬಿ ಬೇಕು.

ಇನ್ನೊಂದು ಆರೋಪ: ‘ಐದನೇ ತಾರೀಖು ಸಂಜಿಗಿ ಮಳಿ ಬಂತು, ಸರ್ಕಾರದ ಲೆಕ್ಕದಾಗ ಆರಕ್ಕ ತೋರಸ್ಯಾರ, ಮೋಸ.’ ಮೋಸ ಅಲ್ರಿ. ನಮ್ ದೇಶದಾಗ ಮಳಿ ದಿನ ಶುರು ಆಗೋದು ಮುಂಜಾನಿ ಎಂಟೂವರಿಗಿ, ಮುಗಿಯೋದು ಮರುದಿನ ಎಂಟೂವರಿಗಿ. ಅಳದ ದಿನದ ತಾರೀಖು ಬರೀತಾರ. ಹಳೆ ಮಾಪಕದಾಗ ಗಾಜಿನ ಕೊಳವಿಗಿ ನೀರು ಸುರುವಿ, ಕಣ್ಣಳತೀಲಿ ನೋಡಿ ರಿಜಿಸ್ಟರ್‌ನಾಗ ಬರಿಯೋ ಕಾಲದ ಪದ್ಧತಿ ಅದು. ಇವತ್ತಿಗೂ ಅದೇ ನಡದದ.

ಡಬ್ಬಿ ಮ್ಯಾಲ ಭಾಳ ಹೊತ್ತು ಕುಂತೆ, ಗೊತ್ತು. ಆದ್ರ ಡಬ್ಬಿ ಸುಳ್ಳು ಅಂದ್ರ ಬೈಗುಳ ತಪ್ಪು ಮನಿಗಿ ಹೋಗ್ತದ. ಅಳತಿ ಸರಿ ಇರ್ತದ, ಅಳದದ್ದನ್ನ ಕೂಡ್ಸೋದ್ರಾಗ ಹೊಲ ಕಾಣಂಗಿಲ್ಲ.

ಸುಮ್ನ ಲೆಕ್ಕಕ್ಕ ತಗೋರಿ. ವಾರಕ್ಕ 40 ಮಿಲಿಮೀಟರ್ ವಾಡಿಕೆ, ನಾಕು ವಾರಕ್ಕ 160. ಮೊದಲ್ನೇ ವಾರದಾಗ ಎರಡೇ ದಿನಕ್ಕ 160 ಸುರೀತು. ಎಕರೆಕ್ಕ ಆರು ಲಕ್ಷ ಲೀಟರ್ ದಾಟ್ತದ. ಅರ್ಧ ಹಳ್ಳಕ್ಕ ಹೋಯ್ತು, ಹಳ್ಳದಿಂದ ಕಾಗಿಣಾಕ್ಕ, ಅಲ್ಲಿಂದ ಭೀಮಾಕ್ಕ. ಮುಂದ ಮೂರು ವಾರ ಬಿಸಿಲು. ಕಾಗದದಾಗ ನೂರಕ್ಕ ನೂರು ಮಳಿ. ಹೊಲದಾಗ ಹೆಸರು ಕಾಯಿ ಕಟ್ಟೋ ಹೊತ್ನಾಗ ನೆಲ ಬಿರಕು.

2023 ನೆನಸ್ಕೋರಿ. ಜೂನ್‌ನಾಗ ಮಳಿ ತಡ ಮಾಡ್ತು, ಜುಲೈದಾಗ ಸುರೀತು, ಆಗಸ್ಟ್‌ನಾಗ ರಾಜ್ಯದ ತುಂಬ ಕೈಕೊಡ್ತು. ದೇಶಕ್ಕ ತಗೊಂಡ್ರ ಆ ಆಗಸ್ಟ್‌ನಾಗ ವಾಡಿಕೆಗಿಂತ ಶೇ 36 ಕಮ್ಮಿ, 1901ರಿಂದ ಇಟ್ಟ ದಾಖಲಿ ಒಳಗ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ಹೆಸರು, ಉದ್ದು ಎರಡೂವರಿ ತಿಂಗಳ ಬೆಳಿ. ಅವಕ್ಕ ಹುಬ್ಬಿ ಮಳಿ ತನ ಕಾಯೋ ಪುರುಸೊತ್ತಿಲ್ಲ. ತೊಗರಿ ಹಂಗಲ್ಲ, ಬೇರು ಆಳ, ತಡಕೋತದ. ಅದಕ್ಕ ತ್ರಾಸು ನೀರು ನಿಂತ್ರ. ಅಂದ್ರ ಒಂದೇ ಹೊಲದಾಗ, ಒಂದೇ ಮಳಿಗಿ, ಒಂದು ಸಾಲಿಗಿ ಬರ, ಇನ್ನೊಂದು ಸಾಲಿಗಿ ಇಲ್ಲ.

ನೆಲಾನೂ ಒಂದೇ ಇಲ್ಲ. ಆಳದ ಯರಿ ಭೂಮಿ ನೀರು ಹಿಡಕೋತದ. ಶಹಾಬಾದ್, ಚಿತಾಪುರ ಕಡಿ ಕೆಲವಲ್ಲಿ ಮೊಳ ಅಗದ್ರ ಪರಸಿ ಕಲ್ಲು, ಹಸಿ ನಿಲ್ಲೋದು ಎಲ್ಲಿ? ಚಿಂಚೋಳಿ ಗುಡ್ಡದ ಕಡಿ ಕೆಂಪು ನೆಲ, ಅದರ ಸ್ವಭಾವನೇ ಬ್ಯಾರೆ. ಮಳೆಮಾಪಕ ಇದ್ಯಾವುದೂ ನೋಡಂಗಿಲ್ಲ, ನೋಡೋದು ಅದರ ಕೆಲಸಾನೂ ಅಲ್ಲ.

ಹಂಗಾದ್ರ ಬರ ಅಂತ ಯಾರು, ಹ್ಯಾಂಗ ಹೇಳ್ತಾರ? ಕೇಂದ್ರದ 2016ರ ಬರ ಕೈಪಿಡಿ ಅದ. ಅದ್ರಾಗ ಒಂದು ಒಳ್ಳೆ ಮಾತದ, ಭಾಳ ಮಂದಿಗಿ ಗೊತ್ತಿಲ್ಲ: ಒಟ್ಟು ಮಳಿ ವಾಡಿಕೆ ಅಷ್ಟೇ ಇದ್ರೂ, ಮೂರು–ನಾಕು ವಾರ ಸತತ ಮಳಿ ಅರ್ಧಕ್ಕಿಂತ ಕಮ್ಮಿ ಬಿದ್ರ, ಬರದ ಮೊದಲ್ನೇ ಗಂಟಿ ಹೊಡೀಬಹುದು. ನಾ ಇಷ್ಟೊತ್ತು ಕೂಗಿದ್ದು ಸರ್ಕಾರದ ಪುಸ್ತಕದಾಗೇ ಅದ! ಆಮ್ಯಾಲ ಎರಡನೇ ಜರಡಿ: ಬಿತ್ತನಿ ಎಷ್ಟಾಯ್ತು, ಉಪಗ್ರಹದಾಗ ಹಸರು ಎಷ್ಟು ಕಾಣ್ತದ, ನೆಲದ ತೇವ, ಕೆರಿ-ಅಂತರ್ಜಲ. ಮೂರನೇದು, ಶೇ 10 ಹಳ್ಳಿ ಆರಿಸಿ ಹೊಲಕ್ಕೇ ಹೋಗಿ ನೋಡೋದು. ಬೆಳಿ ಹಾನಿ ಶೇ 33 ದಾಟಿದ್ರ ಸಾಧಾರಣ ಬರ, 50 ದಾಟಿದ್ರ ತೀವ್ರ.

ಹಿಂದ ಪಂಚಾಯ್ತಿಗೊಂದು ಡಬ್ಬಿ ಅಂದೆನಲ್ಲ, ಅಲ್ಲಿಗಿ ವಾಪಸ್ ಬರ್ತೀನಿ. ಅಳಿಯೋದು ಪಂಚಾಯ್ತಿ ಲೆಕ್ಕದಾಗ, ಆದ್ರ ಬರ ಘೋಷಣಿ ಆಗೋದು ತಾಲೂಕು ಲೆಕ್ಕದಾಗ. ಮುಧೋಳ ಹೋಬಳಿ ಒಣಗಿ, ಸೇಡಂ ಕಡಿ ಚಲೋ ಬಿದ್ರ ಸರಾಸರಿ ನಮ್ಮನ್ನ ನುಂಗ್ತದ. ಪಂಚಾಯ್ತಿ ಮಟ್ಟದ ಲೆಕ್ಕ ಕೈಯಾಗ ಇಟ್ಟುಕೊಂಡು ತಾಲೂಕಿನ ಸರಾಸರಿ ಓದೋದು ನನಗ ಸರಿ ಕಾಣಂಗಿಲ್ಲ.

ರೊಕ್ಕದ ಮಾತು ಜಲ್ದಿ ಮುಗಸ್ತೀನಿ. 2023ರಾಗ 236 ತಾಲೂಕಿನಾಗ 223ಕ್ಕ ಬರ ಘೋಷಣಿ ಆಯ್ತು. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮ್ಯಾಲ, ಏಪ್ರಿಲ್ 2024ಕ್ಕ ಬಂದದ್ದು ಸುಮಾರು 3,454 ಕೋಟಿ. ಆಗಸ್ಟ್‌ನಾಗ ಒಣಗಿದ ಹೆಸರಿಗಿ ಏಪ್ರಿಲ್‌ನಾಗ ಪರಿಹಾರ! ಮಳಿ ಆಶ್ರಯದ ಹೊಲಕ್ಕ ಹೆಕ್ಟೇರಿಗಿ 8,500, ಅದೂ ಎರಡು ಹೆಕ್ಟೇರ್ ತನಕ. ಎಕರೆಕ್ಕ 3,440 ಬಿತ್ತು. ಬೀಜ, ಗೊಬ್ಬರ, ಆಳು ಎಲ್ಲಾ ಕೂಡ್ಸಿ ನೀವೇ ಹೇಳ್ರಿ.

ಸರಿ, ನೀವು ಮಾಡಬೇಕಾದ್ದು. ನಿಮ್ಮ ಪಂಚಾಯ್ತಿ ಮಳಿ ಲೆಕ್ಕ ಬೇಕಂದ್ರ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗಿ ಫೋನ್ ಹಚ್ರಿ. ಡಬ್ಬಿ ಲಾಳಿಕಿ ಮ್ಯಾಲ ಎಲಿ ಕಂಡ್ರ ಪಿಡಿಒ ಸಾಹೇಬ್ರಿಗಿ ಹೇಳ್ರಿ. ಮಳಿ ಇಲ್ದ ವಾರ ಕ್ಯಾಲೆಂಡರ್ ಮ್ಯಾಲೇ ಬರಕೋರಿ, ಸರ್ವೇಕ್ಕ ಬಂದವ್ರ ಮುಂದ ‘ಮಳಿ ಇಲ್ರಿ’ ಅನ್ನೋದಕ್ಕಿಂತ ‘ಈ ತಾರೀಖಿನಿಂದ ಈ ತಾರೀಖಿನ ತನ ಇಲ್ಲ’ ಅಂದ್ರ ತೂಕ ಜಾಸ್ತಿ. ಮತ್ತ ಸರ್ಕಾರದ ರೈತರ ನೋಂದಣಿ ಪಟ್ಟಿ ‘ಫ್ರೂಟ್ಸ್’ನಾಗ ನಿಮ್ಮ ಸರ್ವೇ ನಂಬರ್ ಎಲ್ಲಾ ಸೇರ್ಯಾವಾ ನೋಡ್ಕೋರಿ, ಪರಿಹಾರದ ರೊಕ್ಕ ಹಾಕೋದು ಆ ಪಟ್ಟಿ ಹಿಡಕೊಂಡೇ. ಲಾವಣಿ ಹಾಕ್ಕೊಂಡು ಹೊಲ ಮಾಡೋರಿಗಿ ಈ ಮಾತು ಉಪಯೋಗಿಲ್ಲ, ಪಹಣಿ ಮಾಲಕರ ಹೆಸರಿಗಿ ಇರ್ತದ, ರೊಕ್ಕಾನೂ ಅವರ ಖಾತೆಕ್ಕೇ ಹೋಗ್ತದ. ನೀವು ಬಿತ್ತೋಕಿಂತ ಮುಂಚೇನೇ, ಬರ ಬಿದ್ರ ಪರಿಹಾರ ಯಾರಿಗಿ ಅಂತ ಮಾಲಕರ ಕೂಡ ಮಾತಾಡ್ಕೋರಿ.