ಬಿಡುವಿನ ಬಳಿಕ ಜಾಝ್
ಜಾಝ್ ಜಾಮ್ ಎಂದರೆ ಮೊದಲೇ ತಾಲೀಮು ನಡೆಸದೆ ಕಲಾವಿದರು ಕೂಡಿ ನುಡಿಸುವ ಗೋಷ್ಠಿ. 1963ರಲ್ಲಿ ಜಾಝ್ ಕಲಾವಿದ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ ಬಂದಿದ್ದ ದೆಹಲಿಯಲ್ಲಿ, 2015ರಲ್ಲಿ ಆರಂಭವಾದ ಪಿಯಾನೋ ಮ್ಯಾನ್ ಕ್ಲಬ್ ಜಾಝ್ ಸಂಗೀತಕ್ಕೆ ನೆಲೆಯಾಯಿತು. ಮುಂದೆ ಆ ಕ್ಲಬ್ ಗುರುಗ್ರಾಮಕ್ಕೂ ಹಬ್ಬಿತು.

ಜಾಮ್‌ನಲ್ಲಿ ಮೊದಲು ಎಲ್ಲರೂ ಮೂಲ ಧಾಟಿಯನ್ನು ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರೂ ಅದರ ಆವರ್ತದ ಮೇಲೆ ಮನೋಧರ್ಮ ತೋರುತ್ತಾರೆ. ಕೊನೆಗೆ ಮತ್ತೆ ಮೂಲ ಧಾಟಿ. ಬಹುಕಾಲ ಬಿಟ್ಟು ಮರಳುವವರಿಗೆ 12 ಬಾರ್‌ಗಳ (ತಾಳದ ಘಟಕಗಳ) ಬ್ಲೂಸ್ ಅನುಕೂಲ: ಆವರ್ತ ಚಿಕ್ಕದು, ಎಲ್ಲರಿಗೂ ಪರಿಚಿತ.

ಹೀಗೆ ಬಿಟ್ಟು ಮರಳಿದವರಿಗೆ ಉದಾಹರಣೆ ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್: ಅವರು 1959ರಲ್ಲಿ ವೇದಿಕೆ ತೊರೆದು, ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಸಾಧನೆ ಮಾಡಿ, 1961ರಲ್ಲಿ ಮರಳಿದರು. 1978ರಲ್ಲಿ ಮುಂಬೈಯ ಮೊದಲ ಜಾಝ್ ಯಾತ್ರಾ ಉತ್ಸವದಲ್ಲೂ ನುಡಿಸಿದರು. ಏಕಾಂತದ ಸಾಧನೆ ಬೆರಳಿನ ಚುರುಕನ್ನು ಮರಳಿಸುತ್ತದೆ. ಇತರರನ್ನು ಆಲಿಸಿ ಉತ್ತರಿಸುವ ಕಲೆ ಗೋಷ್ಠಿಯಲ್ಲೇ ಮರಳುತ್ತದೆ.