ಕಡೆಗಾಲದ ದಾಸೋಹ

 

ಸತಿಪತಿಗಳು ಒಂದಾಗಿ ನಡೆಯಿಸುವ ಶಿವಪೂಜೆಯು ಶ್ರೇಷ್ಠವೆಂದು ಶರಣಧರ್ಮವು ಸಾರುತ್ತ ಬಂದಿರುವುದು. ಆದರೆ ಆ ಇಬ್ಬರಲ್ಲಿ ಒಬ್ಬರು ಗುಣವಾಗದ ವ್ಯಾಧಿಯಿಂದ ಹಾಸಿಗೆ ಹಿಡಿದಾಗ ಇನ್ನೊಬ್ಬರು ಮಾಡತಕ್ಕುದೇನು, ಅವರ ವಿಷಯದಲ್ಲಿ ನೆರೆಹೊರೆಯವರು ಮಾಡತಕ್ಕುದೇನು ಎಂಬ ವಿಚಾರವು ಸಭೆಗಳಲ್ಲಿ ಬರುವುದು ವಿರಳ. ಈ ಮಹೋತ್ಸವದ ಕಾಲದಲ್ಲಿ ಅದನ್ನು ಎತ್ತುವುದು ಅಪ್ರಸ್ತುತವೆಂದು ಯಾರೂ ಭಾವಿಸಲಾಗದು. ದಾಸೋಹವೆಂಬ ಮಾತು ಮಠದ ಪಂಕ್ತಿಯಲ್ಲಿಯೇ ಮುಗಿಯತಕ್ಕುದಲ್ಲವಷ್ಟೆ.

ಜನ್ನಾಪುರದ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿದ ಮೇಲೆಯೂ, 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾದ ಮೇಲೆಯೂ ದುಡಿಮೆಯನ್ನರಸಿ ಬಂದ ಸಂಸಾರಗಳು ಈ ಪಟ್ಟಣದಲ್ಲಿ ಬೇರೂರಿದವು. ಕಾಗದದ ಕಾರ್ಖಾನೆಯು 2015ರ ಸುಮಾರಿಗೆ ಉತ್ಪಾದನೆಯನ್ನು ನಿಲ್ಲಿಸಿತು. ಮಕ್ಕಳು ಹೊಟ್ಟೆಯ ಪಾಡಿಗಾಗಿ ಬೆಂಗಳೂರನ್ನು ಸೇರಿದರು. ಮನೆಯಲ್ಲಿ ಉಳಿದವರು ವೃದ್ಧ ದಂಪತಿಗಳಿಬ್ಬರೇ. ಹೆಂಡತಿಗೆ ಅರ್ಬುದರೋಗ, ವಾಸಿಯಾಗುವ ಹಂತವು ದಾಟಿಹೋಗಿದೆ. ಗಂಡನು ಕುಲುಮೆಯ ಬೆಂಕಿಯನ್ನು ಬಲ್ಲವನೇ ಹೊರತು ಅಡಿಗೆಯ ಒಲೆಯನ್ನು ಅರಿಯನು. ಅವನೀಗ ಗಂಜಿ ಕಾಯಿಸಬೇಕು, ಎರಡು ಗಂಟೆಗೊಮ್ಮೆ ಅವಳ ಮಗ್ಗುಲನ್ನು ಬದಲಿಸಬೇಕು, ರಾತ್ರಿಯೆಲ್ಲ ಎಚ್ಚತ್ತಿರಬೇಕು. ಇದು ಯಾರೊಬ್ಬರ ಕಥೆಯೂ ಅಲ್ಲ. ಆದರೆ ಇಂತಹ ಮನೆಯು ಯಾವ ಬೀದಿಯಲ್ಲಿಯಾದರೂ ಇರಬಹುದು.

ಇಂತಹವರಿಗೆ "ಇನ್ನು ಮಾಡತಕ್ಕುದೇನೂ ಇಲ್ಲ" ಎಂದು ಹೇಳುವುದು ದೊಡ್ಡ ತಪ್ಪು. ರೋಗವು ಗುಣವಾಗದಿದ್ದರೂ ನೋವು ಶಮನವಾಗಬಹುದು. ಈ ತತ್ತ್ವವನ್ನು ಹಿಡಿದು ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆಯ ಮನೆಯನ್ನು ತೆರೆದಳು. ಬೆಂಗಳೂರಿನಲ್ಲಿ 1994ರಲ್ಲಿ ಒಂದು ಧರ್ಮದರ್ಶಿ ಮಂಡಲಿಯು ಏರ್ಪಟ್ಟು, 1999ರಲ್ಲಿ ಕರುಣಾಶ್ರಯವು ರೋಗಿಗಳಿಗೆ ಬಾಗಿಲು ತೆರೆಯಿತು. ಅಲ್ಲಿ ಗುಣವಾಗದ ಹಂತದ ಅರ್ಬುದರೋಗಿಗಳನ್ನು ಹಣ ತೆಗೆದುಕೊಳ್ಳದೆ ಆರೈಕೆ ಮಾಡುವರು. ಆದರೆ ಜನ್ನಾಪುರದಿಂದ ಅದು ಸುಮಾರು 250 ಕಿಲೋಮೀಟರು ದೂರ. ಅಲ್ಲದೆ ತನ್ನ ಮನೆಯ ಜಗಲಿಯನ್ನೂ ತನ್ನ ಜನವನ್ನೂ ಕಾಣುತ್ತ ಕಣ್ಣು ಮುಚ್ಚಬೇಕೆಂಬ ಆಸೆಯು ಅನೇಕರಿಗೆ ಇರುವುದು. ಆದುದರಿಂದ ಮನೆಯೇ ಆಶ್ರಯವಾಗಬೇಕು.

ಮೊದಲನೆಯದು ನೋವಿನ ವಿಷಯ. ಮಾರ್ಫೀನೆಂಬ ಹೆಸರು ಕೇಳಿದೊಡನೆ ಅನೇಕರು ಹೆದರುವರು. ಅದು ಚಟವನ್ನು ಹತ್ತಿಸುವುದೆಂದೂ ಸಾವನ್ನು ಬೇಗ ತರುವುದೆಂದೂ ಎಣಿಸುವರು. ತಿಳಿದ ವೈದ್ಯರು ನೋವಿಗೆ ತಕ್ಕ ಪ್ರಮಾಣದಲ್ಲಿ ಕೊಡುವಾಗ ಈ ಭಯಕ್ಕೆ ಆಧಾರವಿಲ್ಲ. ನಾಲ್ಕು ಗಂಟೆಗೊಮ್ಮೆ ಬಾಯಿಯಿಂದಲೇ ಕೊಡಬಹುದಾದ ಔಷಧವದು. ಮಲಬದ್ಧತೆಗೆ ಬೇರೊಂದು ಮದ್ದನ್ನು ಜೊತೆಗೆ ಕೊಡಬೇಕು. 1985ರ ಮಾದಕದ್ರವ್ಯಗಳ ಶಾಸನದ ಬಿಗಿಯಿಂದ ಇದು ರೋಗಿಗಳಿಗೆ ದುರ್ಲಭವಾಗಿದ್ದಿತು. 2014ರ ತಿದ್ದುಪಡಿಯು ಆ ಕಟ್ಟನ್ನು ಸಡಿಲಿಸಿತು. ನೋವನ್ನು ಸಹಿಸುವುದೇ ಭಕ್ತಿಯೆಂದು ರೋಗಿಗೆ ಉಪದೇಶಿಸುವವರು, ನರಳುವ ಬಾಯಿಗೆ ಮಂತ್ರವು ಬಾರದೆಂಬುದನ್ನು ಮರೆತಿರುವರು.

ಎರಡನೆಯದು ಅನ್ನದ ವಿಷಯ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆಯು ಸರ್ವವಿದಿತವು. ಪ್ರೀತಿಗೂ ಪ್ರಮಾಣವುಂಟೆಂಬುದನ್ನು ಆ ಕಥೆಯಿಂದ ಕಲಿಯಬಹುದು. ಕಡೆಯ ದಿವಸಗಳಲ್ಲಿ ದೇಹವು ಅನ್ನವನ್ನು ಬೇಡುವುದಿಲ್ಲ. "ಇನ್ನೊಂದು ತುತ್ತು" ಎಂದು ಬಲವಂತಮಾಡಿದರೆ ಅದು ಬೇನೆಯಾಗುವುದು. ತುಟಿಯನ್ನು ತೇವಗೊಳಿಸುವುದು, ಬಾಯಿಯನ್ನು ಶುಚಿಯಾಗಿಡುವುದು, ಬೇಕೆಂದಾಗ ಒಂದು ಗುಟುಕು ನೀರು, ಇವೇ ಆಗ ಮೃಷ್ಟಾನ್ನ. ಅವಳು ಉಣ್ಣಲಿಲ್ಲವೆಂದು ಗಂಡನು ತನ್ನನ್ನು ಹಳಿದುಕೊಳ್ಳತಕ್ಕುದಿಲ್ಲ.

ಮೂರನೆಯದು ಮಾತು. ತನಗೆ ತಿಳಿದಿರುವುದನ್ನು ಗಂಡನು ಮುಚ್ಚಿಡುವನು; ತನಗೆ ತಿಳಿದಿದೆಯೆಂಬುದನ್ನು ಹೆಂಡತಿಯು ಮುಚ್ಚಿಡುವಳು. ಒಂದೇ ಕೋಣೆಯಲ್ಲಿ ಇಬ್ಬರೂ ಒಂಟಿಯಾಗುವರು. ಅವಳು ಕೇಳಿದರೆ ಸತ್ಯವನ್ನು ಮೆಲ್ಲಗೆ ಹೇಳಬೇಕು, ಕೇಳದಿದ್ದರೆ "ನಿನಗೇನು ಬೇಕು?" ಎಂದು ವಿಚಾರಿಸಬೇಕು. ಮಗಳನ್ನು ಕರೆಯಿಸಬೇಕೆಂದೋ, ಯಾರೊಡನೆಯೋ ಇದ್ದ ಹಳೆಯ ಮುನಿಸನ್ನು ಕಳೆಯಬೇಕೆಂದೋ ಅವಳು ಹೇಳಬಹುದು. ಆ ಮಾತಿಗೆ ಆಮೇಲೆ ಅವಕಾಶವಿರುವುದಿಲ್ಲ.

ನಾಲ್ಕನೆಯದೂ ಮುಖ್ಯವಾದುದೂ ಆರೈಕೆ ಮಾಡುವವನ ಆರೈಕೆ. ನಿದ್ದೆಗೆಟ್ಟವನ ಸಹನೆಯು ಒಂದು ದಿನ ಹರಿಯುವುದು; ಅವನು ಸಿಡುಕುವನು, ಆಮೇಲೆ ಆ ಸಿಡುಕನ್ನು ನೆನೆದು ಬೇಯುವನು. ನೆರೆಯವರು ಬಾಗಿಲಲ್ಲಿ ನಿಂತು "ಏನಾದರೂ ಬೇಕಾದರೆ ಹೇಳಿ" ಎನ್ನುವರು. ಅವನು "ಏನೂ ಬೇಡ" ಎನ್ನುವನು. ಇಬ್ಬರದೂ ಸಂಕೋಚವೇ. ಬೇಕೇ ಎಂದು ಕೇಳದೆ ಒಬ್ಬರು ಬುತ್ತಿಯನ್ನು ತರಲಿ. ಇನ್ನೊಬ್ಬರು ಔಷಧವನ್ನು ತರಲಿ. ಮತ್ತೊಬ್ಬರು ರಾತ್ರಿ ಕುಳಿತು ಅವನನ್ನು ನಾಲ್ಕು ತಾಸು ಮಲಗಿಸಲಿ. ಅವನೂ ಸ್ವೀಕರಿಸಲಿ. ಒಬ್ಬನೇ ಎಲ್ಲವನ್ನೂ ಹೊರುವೆನೆಂಬುದರಲ್ಲಿಯೂ ಒಂದು ಅಹಂಕಾರವುಂಟು.

ಶರಣರು ಮರಣದ ಸೂತಕವನ್ನು ಒಪ್ಪಲಿಲ್ಲ. ಆದರೂ ಸಾಯುವವರ ಮನೆಯ ಹೊಸ್ತಿಲನ್ನು ದಾಟಲು ಜನರು ಅಂಜುವರು. ಅರ್ಬುದವು ಅಂಟುವ ರೋಗವೂ ಅಲ್ಲ. ಲಿಂಗೈಕ್ಯರಾದ ದಿನ ಹೂವಿನ ಹಾರವನ್ನು ಹಿಡಿದು ನೂರು ಜನ ಬರುವರು; ಅದಕ್ಕೆ ಹಿಂದಿನ ತೊಂಬತ್ತು ರಾತ್ರಿಗಳಲ್ಲಿ ಒಬ್ಬರೂ ಬಾರದಿದ್ದರೆ ಆ ಹಾರವು ಯಾರಿಗೆ? ಕಾರ್ಯವು ಮುಗಿದ ಮೇಲೂ ಒಂಟಿಯಾದವನ ಮನೆಗೆ ತಿಂಗಳುಗಟ್ಟಲೆ ಹೋಗಿಬರತಕ್ಕುದು. ಇದೂ ದಾಸೋಹವೇ.

ಆ ಮನೆಗೆ ಇನ್ನೊಮ್ಮೆ ಮರಳಿರಿ. ಬೆಳಗಿನ ಪೂಜೆಯ ಹೊತ್ತು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯುವಷ್ಟು ಶಕ್ತಿಯೂ ಅವಳಿಗಿಲ್ಲ, ಕೈ ನಡುಗುತ್ತಿದೆ. ಗಂಡನು ಅವಳ ಅಂಗೈಯ ಕೆಳಗೆ ತನ್ನ ಅಂಗೈಯನ್ನಿಟ್ಟು ಹಿಡಿಯುವನು. ಪೂಜೆಯು ಅವಳದು, ಆಧಾರವು ಅವನದು. ಆ ಕೈಯೂ ದಣಿದೀತು; ಅದರ ಕೆಳಗೆ ಊರಿನ ಕೈ ಇರಲಿ.