ನೌಕಾಬಲದ ನೆಲೆ ದಡದಲ್ಲಿ

ಪ್ರಾಚೀನ ಮೆಡಿಟರೇನಿಯನ್ ಜಗತ್ತಿನ ಹಡಗುಕಟ್ಟೆಗಳನ್ನು ಕುರಿತ ಈ ವಿಚಾರಸಂಕಿರಣದ ಆರಂಭದಲ್ಲಿಯೇ, ಅಧ್ಯಯನವು ಬಹುಕಾಲದಿಂದ ಹಿಡಿದಿರುವ ಒಂದು ತಪ್ಪುದಾರಿಯನ್ನು ತೋರಿಸುವುದು ಈ ಆಶಯ ಭಾಷಣದ ಉದ್ದೇಶ. ನೌಕಾಬಲವನ್ನು ಕದನಗಳಿಂದಲೂ ಹಡಗುಗಳ ಸಂಖ್ಯೆಯಿಂದಲೂ ಅಳೆಯುವ ರೂಢಿಯಲ್ಲಿ, ಆ ಹಡಗುಗಳನ್ನು ವರ್ಷಗಟ್ಟಲೆ ಕಾಪಾಡಿದ ದಡದ ದುಡಿಮೆ ಲೆಕ್ಕಕ್ಕೇ ಬಂದಿಲ್ಲ.

ಲಾರಿಯಂ ಗಣಿಯ ಬೆಳ್ಳಿಯಿಂದ ಥೆಮಿಸ್ಟೊಕ್ಲೀಸ್ ಕಟ್ಟಿಸಿದ ಪಡೆಯೂ ಕ್ರಿ.ಪೂ. 480ರ ಸಲಾಮಿಸ್ ವಿಜಯವೂ ಇಲ್ಲಿರುವ ಎಲ್ಲರಿಗೂ ಪರಿಚಿತ. ಆ ಪಡೆಯ ಮುಖ್ಯ ಹಡಗಾದ ಟ್ರೈರೀಮ್, ಎಂದರೆ ಮೂರು ಸಾಲುಗಳಲ್ಲಿ 170 ಮಂದಿ ಹುಟ್ಟು ಹಾಕುತ್ತಿದ್ದ ಯುದ್ಧನೌಕೆ, ಹಗುರವಾಗಿದ್ದರೆ ಮಾತ್ರ ವೇಗವಾಗಿ ಸಾಗುತ್ತಿತ್ತು; ನೀರಿನಲ್ಲಿಯೇ ನಿಂತರೆ ಅದರ ಮರ ನೀರು ಹೀರಿ ಭಾರವಾಗುತ್ತಿತ್ತು, ಮರ ಕೊರೆಯುವ ಕಡಲಜೀವಿಗಳಿಗೆ ತುತ್ತಾಗುತ್ತಿತ್ತು. ಸಿರಾಕ್ಯೂಸಿನ ಮುತ್ತಿಗೆಯಲ್ಲಿ ಸೇನಾನಿ ನಿಕಿಯಾಸ್ ಅಥೆನ್ಸಿಗೆ ಬರೆದ ಪತ್ರದ ಅಳಲೂ ಇದೇ: ಶತ್ರುವಿನ ಭಯದಿಂದ ಹಡಗುಗಳನ್ನು ಎಳೆದು ಒಣಗಿಸಲಾಗುತ್ತಿಲ್ಲ, ಅವು ನೆನೆದು ಹಾಳಾಗುತ್ತಿವೆ.

ಇದಕ್ಕೆ ಪರಿಹಾರವಾಗಿ ನಿಂತವು ಹಡಗುಮನೆಗಳು, ಅಂದರೆ ಸಮುದ್ರದೊಳಕ್ಕೆ ಇಳಿಯುವ ಇಳಿಜಾರಿನ ಮೇಲೆ ಛಾವಣಿ ಹೊದಿಸಿದ ಉದ್ದನೆಯ ಕಟ್ಟಡಗಳು. ಅಥೆನ್ಸಿನ ಬಂದರುಪಟ್ಟಣವಾದ ಪಿರೇಯಸ್ಸಿನ ಮೂರು ಬಂದರುಗಳಾದ ಜಿಯಾದಲ್ಲಿ 196, ಕಂಥರೋಸಿನಲ್ಲಿ 94, ಮುನಿಕಿಯಾದಲ್ಲಿ 82, ಹೀಗೆ ಒಟ್ಟು 372 ಹಡಗುಮನೆಗಳಿದ್ದವೆಂದು ಕ್ರಿ.ಪೂ. ನಾಲ್ಕನೆಯ ಶತಮಾನದ ನೌಕಾಶಾಸನಗಳು ಹೇಳುತ್ತವೆ. ಸಾವಿರ ಟ್ಯಾಲೆಂಟುಗಳಿಗೆ ಕಡಿಮೆಯಿಲ್ಲದ ವೆಚ್ಚದಲ್ಲಿ ಕಟ್ಟಿದ್ದ ಹಡಗುಮನೆಗಳನ್ನು ಅಥೆನ್ಸನ್ನು ಆಳಿದ ಮೂವತ್ತು ಮಂದಿ ದಬ್ಬಾಳಿಕೆಗಾರರು ಕೇವಲ ಮೂರು ಟ್ಯಾಲೆಂಟಿಗೆ ಕೆಡವಲು ಮಾರಿದರೆಂಬ ಐಸೊಕ್ರಟೀಸನ ಮಾತು ವಾಗ್ಮಿಯ ಉತ್ಪ್ರೇಕ್ಷೆಯಾಗಿದ್ದರೂ, ನೌಕಾಬಲ ಎಲ್ಲಿ ನೆಲೆಸಿದೆಯೆಂಬುದು ಅದನ್ನು ಮುರಿಯಬಯಸಿದವರಿಗೆ ತಿಳಿದಿತ್ತೆಂಬುದಕ್ಕೆ ಸಾಕ್ಷಿ.

1885ರಲ್ಲಿ ದ್ರಗಾತ್ಸಿಸ್ ಜಿಯಾದಲ್ಲಿ ನಡೆಸಿದ ಉತ್ಖನನದಿಂದ ಹಿಡಿದು ಬ್ಲ್ಯಾಕ್‌ಮನ್, ರಾಂಕೊವ್ ಮತ್ತು ಸಂಗಡಿಗರ 2013ರ ಸಂಪುಟದವರೆಗೆ ಈ ಹಡಗುಮನೆಗಳ ಅಧ್ಯಯನದ ಸಾಧನೆ ದೊಡ್ಡದು. ಅದನ್ನು ವಿಸ್ತರಿಸುವ ಹೊಣೆ ಮುಂದಿನ ಗೋಷ್ಠಿಗಳ ವಿದ್ವಾಂಸರದು. ಆದರೆ ಕಟ್ಟಡಗಳ ಅಳತೆ ಖಚಿತವಾಗುತ್ತ ಬಂದಂತೆ ಒಂದು ಪ್ರಶ್ನೆ ಇನ್ನಷ್ಟು ಮೊನಚಾಗಿದೆ: ಹಡಗುಗಳನ್ನು ಎಷ್ಟು ದಿನಕ್ಕೊಮ್ಮೆ ಮೇಲಕ್ಕೆಳೆಯುತ್ತಿದ್ದರು, ಮತ್ತು ಎಳೆಯುತ್ತಿದ್ದವರು ಯಾರು? ಚಳಿಗಾಲಕ್ಕೆ ಒಮ್ಮೆ ಮಾತ್ರ ಎಂದಾದರೆ, ಯಾನದಿಂದ ಮರಳಿದ ನಾವಿಕರು ಚದುರುವ ಮೊದಲೇ ಅವರ ಕೈಯಿಂದ ಆ ಕೆಲಸ ಮುಗಿಯಬಹುದು. ಋತುವಿನ ನಡುವೆ ಪದೇ ಪದೇ ಎಂದಾದರೆ, ಬಂದರಿನಲ್ಲಿ ನಿತ್ಯ ಕೂಲಿ ಪಡೆಯುವ ದೊಡ್ಡ ಜನಸಮೂಹವೇ ಇರಬೇಕು, ಆಗ ಅಥೆನ್ಸಿನ ಖಜಾನೆಯ ಲೆಕ್ಕವೇ ಬದಲಾಗುತ್ತದೆ. ಹಗ್ಗ, ರಾಟೆ, ಜಾರುಹಲಗೆಗಳ ಬಳಕೆಯನ್ನು ಕುರಿತ ವಾದಗಳೆಲ್ಲ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತವೆ.

ಇದು ಕೇವಲ ತಾಂತ್ರಿಕ ಕುತೂಹಲವಲ್ಲ. ಕ್ರಿ.ಪೂ. 330/329ರ ದಾಖಲೆಯಲ್ಲಿ ಅಥೆನ್ಸಿಗೆ 392 ಟ್ರೈರೀಮುಗಳೂ 18 ದೊಡ್ಡ ನೌಕೆಗಳೂ ಇದ್ದವು, ಅಂದರೆ ಹಡಗುಮನೆಗಳಿಗಿಂತ ಹಡಗುಗಳೇ ಹೆಚ್ಚಾಗಿದ್ದವು. ಆದರೂ ಕ್ರಿ.ಪೂ. 322ರಲ್ಲಿ ಮ್ಯಾಸಿಡೋನಿಯನ್ನರ ವಿರುದ್ಧದ ಯುದ್ಧದಲ್ಲಿ ಅದು ಸಜ್ಜುಗೊಳಿಸಿದ್ದು 170 ಹಡಗುಗಳನ್ನು ಮಾತ್ರ ಎಂದು ಡಯೊಡೋರಸ್ ಹೇಳುತ್ತಾನೆ. ದಾಖಲೆಯ ಹಡಗಿಗೂ ಕಡಲಿಗಿಳಿದ ಹಡಗಿಗೂ ನಡುವಿನ ಈ ಅಂತರವನ್ನು ಜನಬಲ, ಹಣ, ದುರಸ್ತಿ ಎಂಬ ಮೂರು ಕಡೆಯಿಂದಲೂ ಪರಿಶೀಲಿಸದೆ ಯಾವ ನೌಕಾಸಾಮ್ರಾಜ್ಯದ ಬಲವನ್ನೂ ನಿರ್ಣಯಿಸಲಾಗದು. ಆದ್ದರಿಂದ ಪ್ರತಿ ಗೋಷ್ಠಿಯೂ ತನ್ನ ಬಂದರಿನ ಹಡಗುಗಳನ್ನು ಎಣಿಸುವ ಮೊದಲು ಅವುಗಳನ್ನು ಎಳೆಯಬೇಕಾದ ಕೈಗಳನ್ನು ಎಣಿಸಬೇಕೆಂಬುದೇ ಈ ಭಾಷಣದ ಆಶಯ.